ನಾಲ್ಕು ಮಾತ್ರೆಯ ಪದ

ಭದ್ರಾವತಿಯಲ್ಲಿ ನಾನು ಬೆಳೆದ ಕ್ವಾರ್ಟ್ರಸ್ ಮನೆಯ ಹಿತ್ತಲಿಗೆ ಎರಡು ಕಡೆ ಕಾರ್ಖಾನೆ ಕಟ್ಟಿಸಿದ ಗೋಡೆ, ಮೂರನೆಯ ಕಡೆ ಚರ್ಚಿನ ಗೋಡೆ. ಮನೆ ಎಂದರೆ ಒಂದರ ಹಿಂದೊಂದು ರೈಲುಡಬ್ಬಿಯಂತೆ ನಿಂತ ಮೂರು ಕೋಣೆಗಳು. ಮುಂದಿನದರಲ್ಲಿ ಅಪ್ಪನ ಮಡಚುವ ಕುರ್ಚಿ ಮತ್ತು ಶಿಫ್ಟಿನ ಬೂಟು. ನಡುವಿನದರಲ್ಲಿ ಅಜ್ಜಿ, ಅಮ್ಮ, ನಾನು ಮತ್ತು ಮನೆಯ ಅಷ್ಟೂ ಹಾಸಿಗೆ. ಹಿಂದಿನದು ಅಡುಗೆಮನೆ, ಅದರದೇ ಒಂದು ಮೂಲೆಯಲ್ಲಿ ಅಜ್ಜಿಯ ಪೂಜೆಯ ಮಣೆ. ಒಗೆದ ಬಟ್ಟೆ ಒಣಗುವ ಮೊದಲೇ ಅದರ ಮೇಲೆ ಚಿಮಣಿಯ ಕಪ್ಪು ಕೂರುತ್ತಿತ್ತು. ಕಾರ್ಖಾನೆಯ ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡು ಬದುಕುತ್ತಿದ್ದ ಆ ಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಕೆಲಸವಿತ್ತು. ನನ್ನದು ಹೆದರುವುದು. ಯಾರೂ ವಹಿಸಿದ್ದಲ್ಲ, ನಾನೇ ತೆಗೆದುಕೊಂಡದ್ದು. ಒಂದು ದಿನ ಸೈರನ್ ಕೂಗುವುದನ್ನು ಮರೆತರೆ ಅಪ್ಪ ಒಳಗೇ ಉಳಿದುಬಿಡುತ್ತಾನೆ ಎಂದು, ಸೀಬೆಹಣ್ಣಿನ ಬೀಜ ಹೊಟ್ಟೆಯಲ್ಲಿ ಮೊಳೆಯುತ್ತದೆ ಎಂದು, ಮೇಷ್ಟ್ರು ಹಾಜರಿ ಕೂಗುವಾಗ ನನ್ನ ಹೆಸರೇ ನನಗೆ ಮರೆತುಹೋಗುತ್ತದೆ ಎಂದು ಹೆದರುತ್ತಿದ್ದೆ. ಈಗ ಐವತ್ತರ ಹತ್ತಿರ ಬಂದಿದ್ದೇನೆ. ವಿಷಯಗಳು ಬದಲಾಗಿವೆ, ಕೆಲಸ ಅದೇ.

ಚರ್ಚಿನ ಗೋಡೆ ಅಮ್ಮನ ಎದೆಮಟ್ಟಕ್ಕಿತ್ತು. ಅದರ ಮೇಲೆ ಕರಿಬೇವು, ನಿಂಬೆಹಣ್ಣು, ಹೆಪ್ಪಿಗೆ ಮೊಸರು ದಿನಾ ಆಚೀಚೆ ಓಡಾಡುತ್ತಿದ್ದವು. ಆಚೆ ಕಡೆ ಕಾಂಪೌಂಡಿನಲ್ಲೇ ಎಸ್ತೆರಮ್ಮನವರ ಮನೆ. ಅವರ ಗಂಡ ಸ್ಯಾಮ್ಯುಯೆಲ್ ಮಾಮ ಅಪ್ಪನ ಶಿಫ್ಟಿನವರೇ. ವಾರವಿಡೀ ಕಾರ್ಖಾನೆಯ ಮೋಟಾರು ಬಿಚ್ಚಿ, ಭಾನುವಾರ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುವವರು. ಮನೆಮಾತು ತಮಿಳಾದ್ದರಿಂದ ಅವರಿಬ್ಬರ ಬಾಯಲ್ಲಿ ಅಜ್ಜಿ ‘ಪಾಟಿ’ ಆಗಿದ್ದಳು, ನಾನು ‘ಕಣ್ಣು’. ಅದು ಅವರಲ್ಲಿ ಮಕ್ಕಳನ್ನು ಮುದ್ದಿನಿಂದ ಕರೆಯುವ ರೀತಿ ಎಂದು ಅಮ್ಮ ಹೇಳಿದ್ದರೂ, ಅವರು ಕರೆದಾಗಲೆಲ್ಲ ನಾನು ಒಮ್ಮೆ ಕಣ್ಣುಜ್ಜಿ ನೋಡಿಕೊಳ್ಳುತ್ತಿದ್ದೆ. ಕ್ರಿಸ್‌ಮಸ್ಸಿಗೆ ಆಚೆಯಿಂದ ತಟ್ಟೆ ತುಂಬ ಕಲಕಲ ಎಂಬ ಕರಿದ ಸಿಹಿತಿಂಡಿ ಬರುತ್ತಿತ್ತು, ಸಂಕ್ರಾಂತಿಗೆ ಈಚೆಯಿಂದ ಎಳ್ಳು ಹೋಗುತ್ತಿತ್ತು. ಅಜ್ಜಿ ಮಾತ್ರ ಕಲಕಲವನ್ನು ಕೈಯಲ್ಲಿ ಹಿಡಿದು, ಚೆನ್ನಾಗಿದೆ ಎಂದು ಹೊಗಳಿ, ನನ್ನ ಬಾಯಿಗೆ ಹಾಕುತ್ತಿದ್ದಳು. ಲಿಂಗಪೂಜೆ ಆಗದೆ ಅವಳು ನೀರನ್ನೂ ಕುಡಿಯುತ್ತಿರಲಿಲ್ಲ. ನಮ್ಮ ಮನೆಯ ಒಲೆಯದಲ್ಲದೆ ಬೇರೆಲ್ಲೂ ತಿನ್ನುತ್ತಿರಲಿಲ್ಲ. ಕುಂಸಿಯಲ್ಲಿ ಹುಡುಗಿಯಾಗಿದ್ದಾಗ ಕಟ್ಟಿದ ಲಿಂಗ ಮದುವೆಯಲ್ಲಾಗಲೀ ಹೆರಿಗೆಯಲ್ಲಾಗಲೀ ಅಜ್ಜ ಹೋದ ದಿನವಾಗಲೀ ಮೈಮೇಲಿಂದ ಇಳಿದಿರಲಿಲ್ಲ. ಬೆಳಿಗ್ಗೆ, ಸಂಜೆ ಬೆಳ್ಳಿಯ ಕರಡಿಗೆಯಿಂದ ಅದನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು, ಹಣೆಗೆ ವಿಭೂತಿ ಹಚ್ಚಿ, ಕಣ್ಣು ಮುಚ್ಚಿ ಹಾಡುತ್ತಿದ್ದಳು: ‘ಪೊರೆಯೋ ಶಿವನೇ, ಪೊರೆಯೋ.’ ಭಾನುವಾರ ಗೋಡೆಯಾಚೆಯಿಂದಲೂ ಹಾರ್ಮೋನಿಯಂ ಜೊತೆ ನೂರು ಗಂಟಲು ಅದೇ ಪದ ಹಾಡುತ್ತಿದ್ದವು: ‘ಪೊರೆಯೋ ತಂದೆಯೇ, ಪೊರೆಯೋ.’ ಆ ಪದದ ಅರ್ಥ ನನಗೆ ಗೊತ್ತಿರಲಿಲ್ಲ. ಎರಡೂ ಕಡೆಯವರು ದೇವರ ಹತ್ತಿರ ಅಷ್ಟು ಬೇಡುತ್ತಿದ್ದಾರೆ ಎಂದರೆ ತಿನ್ನುವ ವಸ್ತುವೇ ಇರಬೇಕು ಎಂದುಕೊಂಡಿದ್ದೆ.

ಅಜ್ಜಿಯ ಕಣ್ಣು ಯಾವಾಗ ಮಂಜಾಯಿತೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ, ಏಕೆಂದರೆ ಅವಳು ಹೇಳಲಿಲ್ಲ. ಅಕ್ಕಿಯ ಕಲ್ಲನ್ನು ಬೆರಳತುದಿಯಲ್ಲೇ ಆರಿಸುತ್ತಿದ್ದಳು. ಮಾತನಾಡದೆ ಬಂದವರನ್ನು ಅವರು ಮಾತನಾಡುವವರೆಗೆ ಮಾತನಾಡಿಸುತ್ತಿರಲಿಲ್ಲ. ಗುಟ್ಟು ಹೊರಬಿದ್ದದ್ದು ನನ್ನಿಂದ. ಪೂಜೆಯ ಮಣೆಯ ಪಕ್ಕ ನಾನು ಬರೆಯಲು ಕೂತು ಬಿಟ್ಟೆದ್ದ ಸೀಮೆಸುಣ್ಣದ ತುಂಡನ್ನು ಅವಳು ವಿಭೂತಿ ಎಂದು ತೇಯ್ದು ಹಣೆ, ತೋಳು, ಕೊರಳಿಗೆಲ್ಲ ಹಚ್ಚಿಕೊಂಡು ಪೂಜೆ ಮುಗಿಸಿದಳು. ಅದು ನೀಲಿ ಸೀಮೆಸುಣ್ಣ. ಅಮ್ಮ ನೋಡಿ ತಡೆಯಲಾರದೆ ನಕ್ಕಳು. ಆಮೇಲೆ ಅಜ್ಜಿ ಬಚ್ಚಲಿಗೆ ಹೋಗಿ, ತಣ್ಣೀರು ಹೊಯ್ದುಕೊಂಡು, ಪೂಜೆಯನ್ನೆಲ್ಲ ಮೊದಲಿಂದ ಮಾಡಿದಳು. ಊಟಕ್ಕೆ ಮಾತ್ರ ಏಳಲಿಲ್ಲ. ಅವತ್ತು ಅಮ್ಮನೂ ಉಣ್ಣಲಿಲ್ಲ.

ನಾನು ನಾಲ್ಕನೇ ಕ್ಲಾಸು ಮುಗಿಸಿದ ಬೇಸಿಗೆ ಅದು. ಬೇಸಿಗೆ ಬಂದರೆ ಚರ್ಚಿನವರು ಸುಮ್ಮನೆ ಕೂರುತ್ತಿರಲಿಲ್ಲ. ಒಂದು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಚಪ್ಪರ ಹಾಕಿ ಮಜ್ಜಿಗೆ ಹಂಚಿದ್ದರು, ಇನ್ನೊಂದು ವರ್ಷ ಬೀದಿಯ ಬಾವಿಗೆ ಇಳಿದು ಕೆಸರು ಎತ್ತಿದ್ದರು. ಆ ವರ್ಷ ಮೈಕು ಕಟ್ಟಿದ ಆಟೋ ನಮ್ಮ ಬೀದಿಗೆ ಬಂತು: ‘ಕಣ್ಣಿನ ಪೊರೆ ಇರುವವರು ದಯವಿಟ್ಟು ಹೆಸರು ಬರೆಸಿ, ಚರ್ಚಿನ ಶಿಬಿರದಲ್ಲಿ ಪೊರೆ ತೆಗೆಯಲಾಗುವುದು, ಎಲ್ಲ ಜಾತಿ ಧರ್ಮದವರೂ ಬನ್ನಿ.’ ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಪೊರೆ! ಅಜ್ಜಿ ದಿನಾ ಕೇಳುತ್ತಿದ್ದದ್ದು ಅದೇ ಅಲ್ಲವೇ? ಇಷ್ಟು ವರ್ಷ, ದಿನಕ್ಕೆರಡು ಹೊತ್ತು ಬೇಡಿದ್ದಾಳೆ. ಕೊನೆಗೂ ದೇವರು ಕೊಟ್ಟಿದ್ದಾನೆ, ಎರಡು ಕಣ್ಣಿಗೂ. ಇಂಥ ವಿಷಯವನ್ನು ಯಾರಿಗೆ ಹೇಳುವುದು? ಅಜ್ಜಿಗೆ ಹೇಳಿದರೆ ನೊಂದುಕೊಳ್ಳುತ್ತಾಳೆ, ಅಪ್ಪನಿಗೆ ಹೇಳಿದರೆ ಬೈಯುತ್ತಾನೆ. ಒಳಗೇ ಇಟ್ಟುಕೊಂಡೆ. ಒಳಗೇ ಇಟ್ಟುಕೊಳ್ಳುವುದರಲ್ಲಿ ನನಗೆ ಆಗಲೇ ಸಾಕಷ್ಟು ಅಭ್ಯಾಸವಿತ್ತು. ಅಷ್ಟರಲ್ಲಿ ಗೋಡೆಯ ಮೇಲೆ ಎಸ್ತೆರಮ್ಮನವರ ತಲೆ ಕಾಣಿಸಿತು.

“ಪಾಟಿ, ನಿಮ್ಮ ಹೆಸರು ಬರೆಸಿದೀನಿ. ಮೊದಲನೇ ಲಿಸ್ಟಲ್ಲೇ.”

“ನನ್ನ ಕೇಳ್ದೇ ಯಾಕೆ ಬರೆಸಿದ್ಯೇ ಮಾರಾಯ್ತಿ?”

“ಕೇಳಿದ್ರೆ ಬೇಡ ಅಂತಿದ್ರಲ್ಲ, ಅದಕ್ಕೆ.”

ಸುದ್ದಿ ಶಿವಮೊಗ್ಗದ ವಿದ್ಯಾನಗರಕ್ಕೂ ಹೋಯಿತು. ಅಲ್ಲಿದ್ದ ದೊಡ್ಡಪ್ಪ ಮರುದಿನವೇ ಸ್ಕೂಟರಿನಲ್ಲಿ ಬಂದಿಳಿದರು. ಸರ್ಕಾರಿ ಆಫೀಸಿನ ಕೆಲಸ. ಅಪ್ಪನ ಮಡಚುವ ಕುರ್ಚಿಯಲ್ಲಿ ಕೂತರೂ ಆಫೀಸಿನ ಕುರ್ಚಿಯಲ್ಲಿ ಕೂತ ಹಾಗೇ ಕೂರುತ್ತಿದ್ದರು. ಅಮ್ಮ ಕಾಫಿ ಕೊಟ್ಟು ಬಾಗಿಲ ಹಿಂದೆ ನಿಂತಳು, ನಾನು ಅಮ್ಮನ ಹಿಂದೆ.

“ಚರ್ಚಲ್ಲಿ ಮಲಗಿಸ್ತೀಯೇನೋ ಅವ್ವನ್ನ? ಕುಂಸಿ ಕಡೆ ನೆಂಟರಿಗೆ ಗೊತ್ತಾದ್ರೆ ಏನಂತಾರೆ?”

“ಏನಂತಾರೆ? ಮುದುಕಿಗೆ ಕಣ್ಣು ಬಂತು ಅಂತಾರೆ,” ಅಂದ ಅಪ್ಪ.

“ನಾನು ಶಿವಮೊಗ್ಗದಲ್ಲಿ ದೊಡ್ಡ ಡಾಕ್ಟರಿಗೆ ತೋರಿಸ್ತೀನಿ ಅಂದಿದ್ನಲ್ಲ.”

“ಅಂದಿದ್ದು ಯಾವಾಗ? ಅವ್ವನ ಮಂಡಿನೋವಿಗೆ ಅಂತ, ನಿನ್ನ ಮಗಳ ನಾಮಕರಣದ ದಿನ. ಅವಳೀಗ ಸೈಕಲ್ ಹೊಡೀತಾಳೆ.”

ದೊಡ್ಡಪ್ಪನ ಲೋಟ ಬಸಿಯ ಮೇಲೆ ಟಣ್ಣೆಂದಿತು. ಅಪ್ಪ ಎದ್ದು ನಿಂತ. ನಾನು ಇನ್ನೇನು ಮನೆ ಎರಡಾಗುತ್ತದೆ, ನಡುವಿನ ಕೋಣೆ ಯಾರಿಗೆ ಹೋಗುತ್ತದೆ ಎಂದು ಲೆಕ್ಕ ಹಾಕುತ್ತಿರುವಾಗ ಒಳಗಿನಿಂದ ಅಜ್ಜಿಯ ಧ್ವನಿ ಬಂತು.

“ಸುಮ್ನಿರ್ರೋ ಇಬ್ರೂ. ಕಣ್ಣು ನಂದು. ನಾನು ಹೋಗ್ತೀನಿ. ನೀಲಿ ಬಳ್ಕೊಂಡು ಪೂಜೆ ಮಾಡಿದ್ದು ಸಾಕು. ಆದ್ರೆ ಲಿಂಗ ಮಾತ್ರ ಮೈಮೇಲಿಂದ ಇಳಿಸಲ್ಲ. ಇಳಿಸು ಅಂದ್ರೆ ಕುರುಡಿಯಾಗೇ ಇರ್ತೀನಿ.”

ಶಿಬಿರದವರು ಕೊಟ್ಟ ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಮೈಮೇಲೆ ಸರ, ದಾರ, ಲೋಹ ಏನೂ ಇರಕೂಡದು. ಅದನ್ನು ಮನೆಯವರಿಗೆ ಓದಿ ಹೇಳಿದವಳು ನಾನೇ. ಆ ಸಾಲನ್ನು ಹಾರಿಸಿ ಓದಬಹುದಿತ್ತೆಂದು ಆಮೇಲೆ ಹೊಳೆಯಿತು. ಅಮ್ಮ ಗೋಡೆಯ ಹತ್ತಿರ ಹೋಗಿ ಎಸ್ತೆರಮ್ಮನವರಿಗೆ ತಗ್ಗಿದ ಧ್ವನಿಯಲ್ಲಿ ಹೇಳಿದಳು. ಅವರು ಕ್ಯಾಂಪಿನಲ್ಲಿ ಹೆಸರು ಬರೆಸಿದ್ದನ್ನು ಹೊಡೆದುಹಾಕಿಸುತ್ತಾರೆ ಎಂದುಕೊಂಡಿದ್ದೆವು. ಅವರು ಒಂದು ಕ್ಷಣ ತಮ್ಮ ಕೊರಳಿನ ಪುಟ್ಟ ಶಿಲುಬೆಯನ್ನು ಬೆರಳಲ್ಲಿ ತಿರುವುತ್ತ ನಿಂತರು.

“ಇದನ್ನ ತೆಗಿ ಅಂದ್ರೆ ನಂಗೂ ಕೈ ಬರಲ್ಲ. ಇರಿ, ಡಾಕ್ಟರನ್ನ ಕೇಳ್ಕೊಂಡು ಬರ್ತೀನಿ,” ಅಂದರು.

ಡಾಕ್ಟರು ಕೊರಳಲ್ಲಿ ಬೇಡ, ಬೆಳ್ಳಿ ಬೇಡ, ಕುದಿಸಿದ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿದರೆ ಅಡ್ಡಿಯಿಲ್ಲ ಎಂದರಂತೆ. ಆಪರೇಷನ್ನಿನ ದಿನ ಬೆಳಿಗ್ಗೆ ಎಸ್ತೆರಮ್ಮ ತಮ್ಮ ಮನೆಯ ಒಲೆಯ ಮೇಲೆ ಬಿಳಿಯ ಬಟ್ಟೆಯ ಪಟ್ಟಿಯನ್ನು ಕುದಿಸಿ, ಒಣಗಿಸಿ, ಇಕ್ಕಳದಲ್ಲಿ ಹಿಡಿದು ತಟ್ಟೆಯಲ್ಲಿಟ್ಟು ತಂದರು. ಅಜ್ಜಿ ಪೂಜೆ ಮುಗಿಸಿ, ಕರಡಿಗೆ ಬಿಚ್ಚಿ, ಲಿಂಗವನ್ನು ತಾನೇ ಆ ಬಟ್ಟೆಯ ಮೇಲಿಟ್ಟಳು. ಅಮ್ಮ ಎಡತೋಳಿಗೆ ಕಟ್ಟಿದಳು. ಇನ್ನೊಬ್ಬರ ಲಿಂಗವನ್ನು ಮುಟ್ಟಬಾರದೆಂದು ಎಸ್ತೆರಮ್ಮನವರಿಗೆ ಯಾರೂ ಹೇಳಿರಲಿಲ್ಲ. ಆದರೆ ತಟ್ಟೆ ಇಟ್ಟವರೇ ಎರಡು ಹೆಜ್ಜೆ ಹಿಂದೆ ಸರಿದು, ತಲೆಯ ಮೇಲೆ ಸೆರಗು ಹೊದ್ದು, ತಮ್ಮ ಚರ್ಚಿನಲ್ಲಿ ನಿಲ್ಲುವ ಹಾಗೆ ನಮ್ಮ ಅಡುಗೆಮನೆಯಲ್ಲಿ ನಿಂತುಬಿಟ್ಟರು. ಆ ಮೂವರು ಹೆಂಗಸರನ್ನು ನೋಡುತ್ತ ನಾನು ಹೆದರುವುದನ್ನು ಒಂದೆರಡು ನಿಮಿಷ ಮರೆತೆ. ಅದು ನನ್ನ ಮಟ್ಟಿಗೆ ದೊಡ್ಡ ವಿಷಯ.

ಆಪರೇಷನ್ ಆದ ಮೇಲೆ ಐದು ದಿನ ಎಲ್ಲರೂ ಚರ್ಚಿನ ಒಳಗೇ ಮಲಗಿರಬೇಕಿತ್ತು. ಬೆಂಚುಗಳನ್ನೆಲ್ಲ ಹೊರಗೆ ಸಾಗಿಸಿ ಎರಡು ಸಾಲು ಹಾಸಿಗೆ ಹಾಸಿದ್ದರು. ನಾನು ಅಷ್ಟು ಎತ್ತರದ ಮಾಡನ್ನು ಒಳಗಿನಿಂದ ನೋಡಿದ್ದು ಅದೇ ಮೊದಲು; ಅಷ್ಟು ಜನ ಒಂದೊಂದು ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ಅದೇ ಮಾಡಿಗೆ ಮುಖಮಾಡಿ ಮಲಗಿದ್ದನ್ನು ನೋಡಿದ್ದೂ ಅದೇ ಮೊದಲು. ಬೀಡಿ ಕಟ್ಟುವವರು, ಗಾರೆ ಕೆಲಸದವರು, ನಮ್ಮ ಬೀದಿಯ ಹೂವಿನವಳು, ಮಸೀದಿ ರಸ್ತೆಯ ಟೈಲರ್ ಸಾಬರು, ಎಲ್ಲರೂ ಇದ್ದರು. ಅವರ ಸೇವೆಗೆ ಚರ್ಚಿನ ಜನ ಪಾಳಿ ಹಾಕಿಕೊಂಡಿದ್ದರು. ಅಪ್ಪ ಶಿಫ್ಟು ಮುಗಿಸಿ ಅಜ್ಜಿಯನ್ನು ನೋಡಲು ಬಂದ ಮೊದಲ ದಿನ, ಕಾರ್ಖಾನೆಯಲ್ಲಿ ಅವನ ಮೇಲಿನ ಸಾಹೇಬರು, ಎದುರಿಗೆ ನಿಲ್ಲಲೂ ಗಂಡಸರು ಅಂಜುತ್ತಿದ್ದವರು, ಪ್ಯಾಂಟು ಮಡಚಿಕೊಂಡು ಟೈಲರ್ ಸಾಬರ ಬೆಡ್‌ಪ್ಯಾನ್ ಹಿಡಿದು ಎದುರಿಗೇ ಬಂದರು. ಅಪ್ಪನ ಕೈ ಅಭ್ಯಾಸಬಲದಿಂದ ಸಲಾಮಿಗೆ ಎದ್ದು ಅರ್ಧದಲ್ಲಿ ನಿಂತಿತು. ಸಾಹೇಬರು “ಸ್ವಲ್ಪ ದಾರಿ ಬಿಡಪ್ಪ, ತುಂಬಿದೆ” ಅಂದು ಮುಂದೆ ಹೋದರು. ಅಪ್ಪ ಆ ರಾತ್ರಿಯ ಊಟದಲ್ಲಿ ಈ ವಿಷಯವನ್ನು ಮೂರು ಸಲ ಹೇಳಿದ. ಮೂರು ಸಲವೂ ಕೊನೆಗೆ ಏನು ಹೇಳಬೇಕೆಂದು ತಿಳಿಯದೆ ಅನ್ನ ಕಲೆಸಿದ.

ಅಜ್ಜಿಯ ಪಕ್ಕ ಹಗಲಿಗೆ ನಾನು, ಉಳಿದ ಹೊತ್ತಿಗೆ ಅಮ್ಮ. ಊಟ ನಮ್ಮ ಮನೆಯಿಂದಲೇ ಗೋಡೆ ದಾಟಿ ಬರುತ್ತಿತ್ತು. ನರ್ಸು ಹೇಳಿದ ನಿಯಮಗಳನ್ನು ನಾನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡಿದ್ದೆ: ಬಗ್ಗಬಾರದು, ಕೆಮ್ಮಬಾರದು, ಸೀನಬಾರದು, ನಗಬಾರದು, ಅಳಬಾರದು; ಮಾಡಿದರೆ ಹೊಲಿಗೆ ಬಿಚ್ಚುತ್ತದೆ. ಯಾರಾದರೂ ಹತ್ತಿರ ಬಂದು ತಮಾಷೆಯ ಮಾತು ಶುರುಮಾಡಿದರೆ ನಾನು ಅಡ್ಡ ಕೂರುತ್ತಿದ್ದೆ. ಒಗ್ಗರಣೆಯ ಘಾಟು ಬಂದರೆ ಅಜ್ಜಿಯ ಮೂಗಿಗೆ ನನ್ನ ಲಂಗ ಹಿಡಿಯುತ್ತಿದ್ದೆ. “ಉಸಿರಾದ್ರೂ ಆಡಬಹುದೇನೇ?” ಎಂದು ಅಜ್ಜಿ ಕೇಳಿದ್ದಕ್ಕೆ, ನಿಧಾನಕ್ಕೆ ಆಡು ಅಂದಿದ್ದೆ. ಹೀಗೆ ಎಲ್ಲ ಹತೋಟಿಯಲ್ಲಿದೆ ಎನ್ನುವಾಗ ಶನಿವಾರ ಮಧ್ಯಾಹ್ನ ಹೊರಗಿನ ಹೊಂಗೆಮರದ ಕೆಳಗೆ ಹಾರ್ಮೋನಿಯಂ ಶುರುವಾಯಿತು. ನಾಳೆಯ ಆರಾಧನೆ ಇದೇ ಹಾಲಿನಲ್ಲಿ, ಮಲಗಿದವರ ನಡುವೆಯೇ ನಡೆಯುತ್ತದಂತೆ. ಸ್ಯಾಮ್ಯುಯೆಲ್ ಮಾಮ ನುಡಿಸುತ್ತಿದ್ದದ್ದು ಆ ಹಾಡನ್ನೇ. ನೂರು ಜನ ಒಟ್ಟಿಗೆ, ಇಷ್ಟು ಹತ್ತಿರದಿಂದ, ಅದನ್ನೇ ದೇವರ ಹತ್ತಿರ ಕೇಳಿದರೆ? ಹೋಗಿ ಮಾಮನ ಮುಂದೆ ನಿಂತೆ.

“ಮಾಮಾ, ನಾಳೆ ‘ಪೊರೆಯೋ’ ಹಾಡ್ತೀರಾ?”

“ಹೌದು ಕಣ್ಣು. ನೀನೂ ಹಾಡ್ತೀಯಾ?”

“ಹಾಡಬೇಡಿ ಮಾಮಾ. ಅಜ್ಜಿದು ಈಗ್ತಾನೆ ತೆಗೆದಿದಾರೆ. ನೀವೆಲ್ಲ ಸೇರಿ ಪೊರೆ ಪೊರೆ ಅಂತ ಕೇಳಿದ್ರೆ ದೇವರು ವಾಪಸ್ ಕೊಟ್ಬಿಟ್ರೆ?”

ಅವರು ನಗಲಿಲ್ಲ. ಈ ಒಂದು ಸಂಗತಿಯನ್ನು ಇಷ್ಟು ವರ್ಷಗಳಲ್ಲಿ ಎಷ್ಟು ಸಲ ತಿರುಗಿಸಿ ನೋಡಿದ್ದೇನೋ. ಅವರು ತಿದಿಯ ಮೇಲಿನ ಕೈ ತೆಗೆದು, ನನ್ನ ಎತ್ತರಕ್ಕೆ ಬಗ್ಗಿದರು.

“ಪಾಟಿನೂ ಕೇಳ್ತಿದ್ರಾ ಇದನ್ನ?”

“ದಿನಾ. ಎರಡು ಹೊತ್ತು.”

“ಓ. ಹಂಗಾದ್ರೆ ವಿಷಯ ಸೀರಿಯಸ್ಸೇ.” ಅವರು ಬೆರಳು ಮಡಚಿ ಎಣಿಸಿದರು. “ಪೊ-ರೆ-ಯೋ. ನಾಲ್ಕು ಮಾತ್ರೆ.”

“ಅಜ್ಜಿಗೆ ಮೂರೇ ಕೊಟ್ಟಿರೋದು,” ಅಂದೆ. “ಬೆಳಿಗ್ಗೆ ಎರಡು, ಸಾಯಂಕಾಲ ಒಂದು.”

ಆಗ ಅವರು ಮುಖ ಆಚೆ ತಿರುಗಿಸಿ ಹಾರ್ಮೋನಿಯಂನ ಯಾವುದೋ ಮನೆಯನ್ನು ಒತ್ತಿ ಪರೀಕ್ಷಿಸಿದರು. “ಅದು ನುಂಗೋ ಮಾತ್ರೆ, ಇದು ಹಾಡೋ ಮಾತ್ರೆ ಕಣ್ಣು. ಕಾ-ಯೋ. ಇದೂ ನಾಲ್ಕೇ. ‘ಕಾಯೋ ತಂದೆಯೇ’ ಅಂತ ಹಾಡಿದ್ರೆ ಆಗ್ಬಹುದಾ?”

ನಾನು ಯೋಚಿಸಿದೆ. “ಕಾಯೋ ಅಂದ್ರೆ ಕಾಯಿಲೆ ಅಲ್ವಲ್ಲ?”

“ಅಲ್ಲ. ಕಾವಲು ಕಾಯೋದು. ಅಪ್ಪನ ಫ್ಯಾಕ್ಟರಿ ಗೇಟಲ್ಲಿ ವಾಚ್‌ಮನ್ ಇಲ್ವಾ, ಹಂಗೆ.”

ವಾಚ್‌ಮನ್ ಆದರೆ ಪರವಾಗಿಲ್ಲ ಅನ್ನಿಸಿತು. ಒಪ್ಪಿಕೊಂಡು ಬಂದೆ. ಆದರೂ ಒಬ್ಬರು ಹೇಳಿದರೆ ನೂರು ಜನ ಕೇಳುತ್ತಾರೆಯೇ? ನಮ್ಮ ಮನೆಯಲ್ಲಿ ಅಪ್ಪ ಹೇಳಿದ್ದನ್ನು ಇದ್ದೊಬ್ಬ ದೊಡ್ಡಪ್ಪನೂ ಕೇಳುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಚರ್ಚಿನ ಜನ ಚಪ್ಪಲಿ ಹೊರಗೆ ಬಿಟ್ಟು, ಸದ್ದಿಲ್ಲದೆ ಬಂದು, ಹಾಸಿಗೆಗಳ ಸುತ್ತ ಗೋಡೆಗೊರಗಿ ನಿಂತರು. ಇಸ್ತ್ರಿ ಮಾಡಿದ ಸೀರೆಗಳು, ಬಿಳಿ ಶರ್ಟುಗಳು; ಬೆಂಚಿಲ್ಲದೆ ಎಲ್ಲರೂ ನಿಂತೇ ಇದ್ದರು. ಪಾದ್ರಿಗಳು ಮೈಕಿಲ್ಲದೆ, ಮಗು ಮಲಗಿದ ಮನೆಯಲ್ಲಿ ಮಾತನಾಡುವಷ್ಟು ಮೆಲ್ಲಗೆ ಪ್ರಾರ್ಥಿಸಿದರು. ಆಮೇಲೆ ಹಾರ್ಮೋನಿಯಂ ಉಸಿರೆಳೆದುಕೊಂಡಿತು. ನಾನು ಅಜ್ಜಿಯ ಎರಡೂ ಕಿವಿಗಳನ್ನು ಮುಚ್ಚಲು ಕೈ ಚಾಚಿದೆ. ‘ಕಾಯೋ ತಂದೆಯೇ, ಕಾಯೋ’ ಎಂದು ಹಾಡು ಎದ್ದಿತು. ನಾಲ್ಕೂ ಗೋಡೆಗಳಿಂದ, ಗಂಡಸರು, ಹೆಂಗಸರು, ಅಪ್ಪನ ಸಾಹೇಬರು, ಎಸ್ತೆರಮ್ಮ, ಎಲ್ಲರೂ ಅದೇ ಪದ. ನಮ್ಮ ತಲೆಗಳ ಮೇಲೆ, ಬಿಳಿ ಪಟ್ಟಿಗಳ ಮೇಲೆ, ಆ ಎತ್ತರದ ಮಾಡಿನವರೆಗೂ ಅದೇ ಪದ ಹೋಗಿ ಮುಟ್ಟಿ ಇಳಿಯುತ್ತಿತ್ತು. ಬಾಗಿಲ ಹತ್ತಿರ ನಿಂತಿದ್ದ ಒಬ್ಬ ಮುದುಕರು ಮಾತ್ರ ರೂಢಿಯಲ್ಲಿ ‘ಪೊರೆ—’ ಅಂದುಬಿಟ್ಟರು. ಅವರ ಹೆಂಡತಿ ಸೊಂಟಕ್ಕೆ ತಿವಿದ ರಭಸಕ್ಕೆ ಉಳಿದರ್ಧ ಪದ ಒಳಗೇ ಹೋಯಿತು. ಹಾಡು ಮುಗಿಯುವವರೆಗೂ ಆಕೆ ಗಂಡನ ಬಾಯಿಯನ್ನೇ ನೋಡುತ್ತ ಹಾಡಿದರು. ನೂರು ಜನ ತಮ್ಮ ದೇವರಿಗೆ ಹೇಳುವ ಮಾತನ್ನು ನನ್ನ ಹೆದರಿಕೆಗಾಗಿ ಬದಲಿಸಿದ್ದರು. ಆ ವಯಸ್ಸಿಗೆ ಅದು ಎಷ್ಟು ದೊಡ್ಡದೆಂದು ತಿಳಿಯುವಂತಿರಲಿಲ್ಲ. ಆದರೂ ಅಜ್ಜಿಯ ಕಿವಿ ಮುಚ್ಚಲು ಚಾಚಿದ ಕೈ ಹಾಗೇ ನಿಂತಿತು.

“ಏನೇ ಇದು?” ಅಜ್ಜಿ ಪಿಸುಗುಟ್ಟಿದಳು. “ಪದ ತಪ್ಪು ಹೇಳ್ತಿದಾರೆ. ಅದು ‘ಪೊರೆಯೋ’ ಅಲ್ವಾ?”

ಗೋಡೆಯಾಚೆಯ ಹಾಡು ಅವಳಿಗೆ ಬಾಯಿಪಾಠವಿತ್ತೆಂದು ನನಗೆ ಗೊತ್ತಾದದ್ದು ಆಗಲೇ. ಬೇರೆ ದಾರಿಯಿಲ್ಲದೆ ಅವಳ ಕಿವಿಯಲ್ಲಿ ಎಲ್ಲ ಹೇಳಿದೆ: ಅವಳು ದೇವರ ಹತ್ತಿರ ಕೇಳಿದ್ದು, ದೇವರು ಕೊಟ್ಟದ್ದು, ಮಾಮನಿಗೆ ನಾನು ಹೇಳಿದ್ದು. ಆಮೇಲೆ ಅವಳ ಹೊಟ್ಟೆ ಕುಲುಕತೊಡಗಿತು.

“ನಗಬೇಡ ಅಜ್ಜಿ! ಹೊಲಿಗೆ ಬಿಚ್ಚತ್ತೆ!”

“ನಗ್ತಿಲ್ಲ ಕಣೇ. ಪೊರೆಯೋ ಅಂದ್ರೂ ಕಾಯೋ ಅಂತಲೇ ಅರ್ಥ, ಹುಚ್ಚಿ.” ಅವಳ ಬಲಗೈ ಎಡತೋಳಿನ ಬಟ್ಟೆಯ ಗಂಟನ್ನು ಹುಡುಕಿ ಹಿಡಿದುಕೊಂಡಿತು. ಹಾಡು ಇನ್ನೂ ನಡೆದೇ ಇತ್ತು. ಹೊಟ್ಟೆ ನಿಧಾನಕ್ಕೆ ನಿಂತಿತು.

“ಅಳಬಾರದು ಅಂತಲೂ ಹೇಳಿದಾರಲ್ವಾ?” ಎಂದು ಕೇಳಿದಳು.

“ಹೂಂ.”

“ಹಂಗಾದ್ರೆ ಬೇಗ ಹೋಗಿ ಹಾಡು ನಿಲ್ಸೋಕೆ ಹೇಳು ಅವ್ರಿಗೆ.”

ನಾನು ಹೋಗಲಿಲ್ಲ. ಜೀವನದಲ್ಲಿ ಮೊದಲ ಸಲ ಒಂದು ಅಪಾಯವನ್ನು ಕಣ್ಣಾರೆ ಕಂಡೂ ಸುಮ್ಮನೆ ಕೂತೆ.

ಐದನೆಯ ದಿನ ಪಟ್ಟಿ ಬಿಚ್ಚಿದರು. ಡಾಕ್ಟರು ಅಜ್ಜಿಯ ಕಣ್ಣ ಮುಂದೆ ದಪ್ಪ ಗಾಜೊಂದನ್ನು ಹಿಡಿದರು, ಎಸ್ತೆರಮ್ಮ ಎದುರಿಗೆ ನಿಂತು ಕೈ ಎತ್ತಿದರು. ಅಪ್ಪ, ಅಮ್ಮ, ಬೆಳಿಗ್ಗೆಯೇ ಸ್ಕೂಟರಿನಲ್ಲಿ ಬಂದು ಬಾಗಿಲಾಚೆ ನಿಂತಿದ್ದ ದೊಡ್ಡಪ್ಪ, ಎಲ್ಲರೂ ಆ ಕೈಯನ್ನೇ ನೋಡಿದರು.

“ಎಷ್ಟು ಬೆರಳು ಪಾಟಿ?”

“ಬೆರಳು ಆಮೇಲೆ. ಎಸ್ತೆರಾ, ನಿನ್ನ ತಲೆ ಯಾವಾಗ ಬೆಳ್ಳಗಾಯ್ತೇ?”

ಎಸ್ತೆರಮ್ಮ ನಗಲು ಹೋಗಿ ಸೆರಗಿಗೆ ಮುಖ ಒತ್ತಿಕೊಂಡರು. ಅಜ್ಜಿ ಗಾಜಿನ ಹಿಂದಿನಿಂದ ನನ್ನ ಕಡೆ ತಿರುಗಿದಳು. ನನ್ನ ಮುಂದಿನ ಹಲ್ಲು ಬಿದ್ದು ಹುಟ್ಟಿ ಎರಡು ವರ್ಷವಾಗಿತ್ತು. “ಹಲ್ಲು ಬಂದಿದೆಯಲ್ಲೇ!” ಎಂದು ಬೆರಳಿಟ್ಟು ಮುಟ್ಟಿ ನೋಡಿದಳು. ಆಮೇಲೆ ಬಾಗಿಲ ಕಡೆ ನೋಡಿ, “ಒಳಗೆ ಬಾರೋ, ನೆಂಟರು ಯಾರೂ ನೋಡ್ತಿಲ್ಲ,” ಅಂದಳು. ದೊಡ್ಡಪ್ಪ ಬೂಟು ಬಿಚ್ಚಿ ಒಳಗೆ ಬಂದರು. ಆ ವರ್ಷದ ಕ್ರಿಸ್‌ಮಸ್ಸಿಗೆ ಗೋಡೆಯ ಮೇಲೆ ತಟ್ಟೆ ಬಂದಾಗ ಅಜ್ಜಿ ಕನ್ನಡಕ ಏರಿಸಿ ಒಂದು ಕಲಕಲವನ್ನು ಚೆನ್ನಾಗಿ ನೋಡಿ, ತನ್ನ ಬಾಯಿಗೇ ಹಾಕಿಕೊಂಡಳು. ಗೋಡೆಯ ಎರಡೂ ಕಡೆ ನಾವೆಲ್ಲ ಕಾದೆವು. “ಸಕ್ಕರೆ ಕಮ್ಮಿ ಆಗಿದೆ,” ಅಂದಳು.

ಈಗ ನಾನಿರುವುದು ಶಿವಮೊಗ್ಗದ ಗೋಪಾಳದಲ್ಲಿ. ಅಜ್ಜಿ, ಎಸ್ತೆರಮ್ಮ, ಮಾಮ ಯಾರೂ ಇಲ್ಲ. ಹೋದ ವರ್ಷ ಕಣ್ಣಿನ ಡಾಕ್ಟರು ನನ್ನ ಎಡಗಣ್ಣಿಗೆ ಬೆಳಕು ಬಿಟ್ಟು, ಪೊರೆ ಶುರುವಾಗಿದೆ, ಹೆದರುವಂಥದ್ದೇನಿಲ್ಲ ಎಂದರು. ಅವರಿಗೆ ನನ್ನ ಪರಿಚಯವಿಲ್ಲ. ಅದರ ಮುಂದಿನ ಭಾನುವಾರ ಯಾಕೋ ಭದ್ರಾವತಿಯ ಬಸ್ಸು ಹತ್ತಿದೆ. ಕ್ವಾರ್ಟ್ರಸ್ಸಿನ ಮನೆಗೆ ಬಾಗಿಲಿಲ್ಲ, ಹಿತ್ತಲಿನ ಗೋಡೆ ಇದೆ. ಈಗ ಅದು ನನ್ನ ಎದೆಮಟ್ಟಕ್ಕೆ ಬರುತ್ತದೆ. ಚರ್ಚಿನಲ್ಲಿ ಆರಾಧನೆ ನಡೆಯುತ್ತಿತ್ತು. ಕೊನೆಯ ಬೆಂಚಿನ ತುದಿಯಲ್ಲಿ ಕೂತೆ. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ತನ್ನ ಹಾಡಿನ ಪುಸ್ತಕವನ್ನು ನನ್ನ ಕಡೆಗೂ ಸರಿಸಿದಳು. ಅಂಚು ಸವೆದ ಹಳೆಯ ಪುಸ್ತಕ. ಅಚ್ಚಿನಲ್ಲಿ ‘ಪೊರೆಯೋ’ ಎಂದಿದ್ದಲ್ಲೆಲ್ಲ ಪೆನ್ಸಿಲಿನಿಂದ ಗೀಟು ಹೊಡೆದು, ಮೇಲೆ ಸಣ್ಣಕ್ಷರದಲ್ಲಿ ಬೇರೆ ಪದ ಬರೆದಿತ್ತು. ನಾನು ಕೈ ಚಾಚಿ ಮುಂದಿನ ಬೆಂಚಿನ ಮೇಲಿದ್ದ ಇನ್ನೊಂದು ಪುಸ್ತಕ ತೆರೆದೆ. ಅದರಲ್ಲೂ ಅದೇ ಪದ, ಬೇರೆ ಯಾರದೋ ಕೈಬರಹ. ಅಷ್ಟರಲ್ಲಿ ಎಲ್ಲರೂ ಎದ್ದು ನಿಂತು ಹಾಡಿದರು, ‘ಕಾಯೋ ತಂದೆಯೇ, ಕಾಯೋ.’ ಅಂದು ಹುಟ್ಟಿರದವರೂ ಹಾಡಿದರು.

ಮುಗಿದ ಮೇಲೆ ಹುಡುಗಿಯನ್ನು ಕೇಳಿದೆ.

“ಪುಸ್ತಕದಲ್ಲಿ ಬೇರೆ ಇದೆಯಲ್ಲಮ್ಮ?”

ಅವಳು ಬಗ್ಗಿ, ಅಚ್ಚಾದ ಪದವನ್ನೂ ನನ್ನನ್ನೂ ನೋಡಿ, ಹೊಸಬರಿಗೆ ತಿಳಿಸಿ ಹೇಳುವ ಸಮಾಧಾನದಲ್ಲಿ ಅಂದಳು:

“ಅದು ಪ್ರಿಂಟ್ ಮಿಸ್ಟೇಕ್ ಆಂಟಿ. ಪೆನ್ಸಿಲಲ್ಲಿ ಇರೋದೇ ಸರಿ.”